ಎಂ.ಟಿ. ಎಂದು ಬರೆದ ಸೀಸೆಗಳು

ವಿನಿಪೆಗ್
14 ಅಕ್ಟೋಬರ್ 1988

ಪ್ರಿಯ ಬರ್ನಿ,

ಟೆಕ್ಸಸ್ಸಿನ ಕಡಲ ಗಾಳಿ ಹೇಗಿದೆ? ಇಲ್ಲಿ ಆಗಲೇ ಕಿಟಕಿ ಗಾಜಿಗೆ ಮಂಜು ಕೂರುತ್ತಿದೆ. ನೀನು ಅಲ್ಲಿ ಬರಿಗಾಲಲ್ಲಿ ಮರಳಿನ ಮೇಲೆ ಓಡಾಡುತ್ತಿರಬೇಕು, ಪುಣ್ಯವಂತೆ. ಈಗ ನಿನ್ನನ್ನು ಪ್ರೊಫೆಸರಮ್ಮ ಅಂತ ಕರೆಯಬೇಕಾ? ಕರೆಯಲ್ಲ, ಹೋಗೇ.

ನಿನ್ನ ಮೇಜು ನನಗೇ ಬಂತು. ಲೋವೆನ್ ಸಾಹೇಬರು ಎಲ್ಲರೆದುರು "ವಿಲ್ಮಾ, ಬರ್ನಡೆಟ್ ಬಿಟ್ಟ ಕಡೆಯಿಂದ ನೀನು ಹಿಡಿ" ಅಂದಾಗ ನನ್ನ ಕಿವಿಯೆಲ್ಲ ಬಿಸಿಯಾಯಿತು. ಅಂದಮೇಲೆ ನಿನ್ನ 'ಮನೆ ಅಳಿಯ'ನ ಉಸ್ತುವಾರಿ ಇನ್ನು ನನ್ನದು. ಹರ್ಪಿಸ್ ವೈರಸ್ ಹೊಕ್ಕ ಕೋಶದಲ್ಲಿ ಬೇರೆ ಪ್ರೋಟೀನುಗಳು ಅಲ್ಲಿ ಇಲ್ಲಿ ಓಡಾಡಿಕೊಂಡಿದ್ದರೆ ಇವನೊಬ್ಬ ಮಾತ್ರ ಕೋಶಕೇಂದ್ರದ ಒಳಕೋಣೆ ಸೇರಿಕೊಂಡು ಹೊರಗೇ ಬರದೆ ಕೂತಿರುತ್ತಾನೆ ಅಂತ ನೀನು ಬರೆದೆಯಲ್ಲ, ಅದನ್ನು ನಾನು ಹೊಸ ಸ್ಲೈಡುಗಳಲ್ಲಿ ಇನ್ನೊಮ್ಮೆ ತೋರಿಸಬೇಕಂತೆ. ಅಲ್ಲಿ ಕೂತು ಅವನು ಮಾಡುವ ಕೆಲಸವೇನು ಅಂತ ಕಂಡುಹಿಡಿಯೋದು ಆಮೇಲಿನ ಮಾತು. ನನ್ನ ಡಾಕ್ಟರೇಟು ಅದರ ಮೇಲೇ ನಿಂತಿದೆ.

ಮೊದಲನೇ ದಿನವೇ ಫ್ರೀಜರ್ ಕ್ಲೀನ್ ಮಾಡಿದೆ. ಅಬ್ಬಬ್ಬಾ, ಏನು ಕಸ ಕೂಡಿಹಾಕಿದ್ದೆ ಮಾರಾಯ್ತಿ! ಹಿಮ ಕೆರೆದು ಕೆರೆದು ಕೈ ಸೆಟೆದುಹೋಯಿತು. ಅಳಿಯನನ್ನು ಪತ್ತೆಹಚ್ಚುವ ಮೊಲದ ಸೀರಮ್ ಮಾತ್ರ ಜೋಪಾನವಾಗಿ ಎತ್ತಿಟ್ಟು ಉಳಿದಿದ್ದನ್ನೆಲ್ಲ ಬಿಸಾಕಿದೆ. ಈಗ ನೋಡಿದರೆ ನಿನಗೇ ಗುರುತು ಸಿಗಲ್ಲ.

ಇನ್ನೊಂದು ಸುದ್ದಿ. ನನ್ನ ನೀಲಿ ಬಣ್ಣದ ಟೀ ಕಪ್ಪು ಈಗ ಎಲ್ಲರ ಕಪ್ಪಿನ ಜೊತೆ ಮೊಳೆಗೆ ನೇತಾಡುತ್ತಿದೆ. ನೀನಿದ್ದಾಗ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ ಅಂತ ಸಿಟ್ಟು ಮಾಡಿಕೊಳ್ಳಬೇಡ. ಚಳಿಗಾಲ ಬಂತು ಅಂದರೆ ನಿನ್ನ ತುಟಿ ಮೇಲೆ ಆ ಗುಳ್ಳೆಗಳು ಏಳುತ್ತಿದ್ದವು, ನಾನೇನು ಮಾಡಲಿ? ಹಗಲೆಲ್ಲ ಆ ವೈರಸ್ಸನ್ನು ತಟ್ಟೆಯಲ್ಲಿ ಸಾಕಿ, ಟೀ ಕುಡಿಯುವಾಗಲೂ ಅದರ ಪಕ್ಕವೇ ಕೂರಬೇಕಾ? ನಮ್ಮೂರು ಗಿಮ್ಲಿಯಲ್ಲಿ ನಮ್ಮಮ್ಮ ನಮ್ಮನ್ನು ಸಾಬೂನಿನಲ್ಲೇ ಅದ್ದಿ ಬೆಳೆಸಿದಳು. ಇವತ್ತಿನವರೆಗೂ ನನ್ನ ತುಟಿ ಮೇಲೆ ಒಂದೇ ಒಂದು ಗುಳ್ಳೆ ಎದ್ದಿಲ್ಲ, ಗೊತ್ತಾ?

ಐನಾರ್ ಕೇಳಿದೆ ಅಂತ ಹೇಳು ಅಂದ. ನಮ್ಮ ಮದುವೆ ಜೂನ್‌ನಲ್ಲಿ. ಬರದೇ ಇದ್ದರೆ ನೋಡು.

ನಿನ್ನ
ವಿಲ್ಮಾ


ಗ್ಯಾಲ್ವೆಸ್ಟನ್
2 ನವೆಂಬರ್ 1988

ಪ್ರಿಯ ವಿಲ್ಮಾ,

ಗುಳ್ಳೆಗಳ ಮಹಾರಾಣಿಯ ಆಶೀರ್ವಾದ. ಕಪ್ಪಿನ ವಿಷಯ ನಗುತ್ತಾ ಓದಿದೆ. ನಗುತ್ತಲೇ ಓದಿದೆ ಅಂತ ಇಟ್ಟುಕೋ.

ಇಲ್ಲಿ ಸೆಕೆ ಅಂದರೆ ಸೆಕೆ. ಗೋಡೆ ಕೂಡ ಬೆವರುತ್ತದೆ. ನಮ್ಮ ವಿಭಾಗದ ಮುಖ್ಯಸ್ಥರು ಮಾತಾಡುವುದು ಕಡಿಮೆ, ನನ್ನ ಫ್ರೆಂಚ್ ಎಳೆತ ಕೇಳಿದರೆ ಹುಬ್ಬು ಮಾತ್ರ ಏರಿಸುತ್ತಾರೆ. ನನ್ನನ್ನು ಉಳಿಸಿಕೊಳ್ಳಬೇಕೋ ಬೇಡವೋ ಅಂತ ಮೇ ತಿಂಗಳಲ್ಲಿ ತೀರ್ಮಾನ ಮಾಡುತ್ತಾರಂತೆ. ಅವರು ನನ್ನನ್ನು ಕರೆಸಿಕೊಂಡದ್ದೇ ಆ ಒಳಕೋಣೆ ಅಳಿಯನ ದೆಸೆಯಿಂದ. ಬೇಸಿಗೆಯಲ್ಲಿ ಹರ್ಪಿಸ್‌ನವರೆಲ್ಲ ಸೇರುವ ಸಭೆಯಲ್ಲಿ ಅವನ ಬಗ್ಗೆಯೇ ಮಾತಾಡಬೇಕು. ಹಾಗಾಗಿ ನಿನ್ನ ಸ್ಲೈಡು ಚೆನ್ನಾಗಿ ಬರಲಿ ಅಂತ ನನಗೂ ಸ್ವಾರ್ಥ ಇದೆ.

ಒಂದು ಮಾತು ಮಾತ್ರ ಮರೆಯಬೇಡ. ಹೇಳಿದ್ದನ್ನೇ ಹೇಳುತ್ತಾಳೆ ಅಂದರೂ ಪರವಾಗಿಲ್ಲ. ಬೇರೆ ವೈರಸ್ಸಿನವರಿಗೆ ಈ ತಲೆನೋವಿಲ್ಲ, ನಮಗಿದೆ. ಹರ್ಪಿಸ್ ಹೊಕ್ಕ ಕೋಶ ತನ್ನ ಮೈಮೇಲೆ ಕೊಕ್ಕೆಗಳನ್ನು ಬೆಳೆಸಿಕೊಳ್ಳುತ್ತೆ. ಆ ಕೊಕ್ಕೆ ಯಾವ ಆಂಟಿಬಾಡಿ ಸಿಕ್ಕಿದರೂ ಬಾಲ ಹಿಡಿದು ಎಳೆದುಕೊಳ್ಳುತ್ತೆ. ಮೊಲದ ಆಂಟಿಬಾಡಿ ನಮ್ಮ ಅಳಿಯನನ್ನು ಹುಡುಕಿಕೊಂಡು ಒಳಗೆ ಹೋಗುವ ಮೊದಲೇ ಹೊಸಿಲಲ್ಲಿ ಸಿಕ್ಕಿಬೀಳುತ್ತೆ, ನೀನು ಅದಕ್ಕೆ ಅಂಟಿದ ಬಣ್ಣದ ಹಸಿರು ಬೆಳಕು ನೋಡಿ ಅಳಿಯ ಹೊಸಿಲಲ್ಲಿದ್ದಾನೆ ಅಂದುಕೊಳ್ಳುತ್ತೀಯ. ಅದಕ್ಕೇ ಮೊದಲು ಮನುಷ್ಯರ ಸೀರಮ್ ಸುರಿದು ಆ ಕೊಕ್ಕೆಗಳ ಬಾಯಿ ಮುಚ್ಚಬೇಕು. ಅದೂ ಈ ವೈರಸ್ಸು ಒಮ್ಮೆಯೂ ತಗುಲದ ಮನುಷ್ಯರ ರಕ್ತ ಆಗಬೇಕು.

ಅಂಥ ರಕ್ತ ಇಡೀ ಊರು ಹುಡುಕಿದರೂ ಸಿಗೋದು ಕಷ್ಟ. ನಾನು ಫ್ರೀಜರಿನ ಮೇಲಿನ ಗೂಡಿನಲ್ಲಿ ಇಟ್ಟಿದ್ದೀನಲ್ಲ, ಅದನ್ನು ಹನಿ ಹನಿಯಾಗಿ ಬಳಸು. ಯಾರದು ಅಂತ ಕೇಳಬೇಡ. ಕೊಟ್ಟವರು ಹೆಸರು ಹೇಳಬೇಡ ಅಂದಿದ್ದಾರೆ.

ಐನಾರ್‌ಗೆ ಮುತ್ತು. ಹೆದರಬೇಡ, ಕಾಗದದ ಮೇಲೆ.

ಬರ್ನಿ


ವಿನಿಪೆಗ್
9 ಜನವರಿ 1989

ಪ್ರಿಯ ಬರ್ನಡೆಟ್,

ಉತ್ತರ ಬರೆಯೋದು ತಡವಾಯಿತು. ಹಬ್ಬ, ಮದುವೆ ತಯಾರಿ, ಕೆಲಸ.

ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಪ್ರೋಟೀನು ಒಳಕೋಣೆಯಲ್ಲಿ ಮಾತ್ರ ಇಲ್ಲ. ಕೋಶದ ಅಂಚಿನುದ್ದಕ್ಕೂ ಇದೆ, ಕೋಶಕೇಂದ್ರದ ಪಕ್ಕದಲ್ಲಿ ಗುಂಪಾಗಿಯೂ ಇದೆ. ಒಂದು ಸಲ ಅಲ್ಲ, ಮಾಡಿದಾಗಲೆಲ್ಲ ಹೀಗೇ ಬಂದಿದೆ. ವೈರಸ್ ಹಾಕದ ಕೋಶ ಕಗ್ಗತ್ತಲು. ಹಾಕಿದ್ದು ನಿಯಾನ್ ದೀಪದ ಹಾಗೆ ಬೆಳಗುತ್ತದೆ. ಒಂದು ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಲೋವೆನ್ ಸಾಹೇಬರಿಗೆ ತೋರಿಸಲೇಬೇಕಾಯಿತು. ಅವರು ಬಹಳ ಹೊತ್ತು ನೋಡಿದರು. "ಹಾಗಾದರೆ ನಾವು ತಪ್ಪು ಬರೆದೆವು" ಅಂದರು. ನಿನ್ನ ಹೆಸರು ಎತ್ತಲಿಲ್ಲ. ನಿಮ್ಮಿಬ್ಬರ ಎರಡನೇ ಲೇಖನವನ್ನು ಸದ್ಯಕ್ಕೆ ತಡೆಹಿಡಿಯೋಣ ಅಂತ ಪತ್ರಿಕೆಯವರಿಗೆ ಬರೆಯುತ್ತಾರಂತೆ.

ನೀನು ಅವಸರದಲ್ಲಿದ್ದೆ, ಕೆಲಸ ಹುಡುಕುತ್ತಿದ್ದೆ. ಅಂಥ ಹೊತ್ತಿನಲ್ಲಿ ಯಾರಿಗಾದರೂ ತಾನು ನೋಡಬೇಕಾದದ್ದೇ ಕಾಣುತ್ತದೆ. ನಾನು ನಿನ್ನನ್ನು ದೂರುತ್ತಿಲ್ಲ.

ವಿಲ್ಮಾ


ಗ್ಯಾಲ್ವೆಸ್ಟನ್
20 ಜನವರಿ 1989

ವಿಲ್ಮಾ,

ಫೋಟೋ ನೋಡಿದೆ. ಎರಡೇ ಪ್ರಶ್ನೆ.

ಮೊಲ ಇಲ್ಲದ ಸ್ಲೈಡ್ ಇಟ್ಟಿದ್ದೆಯಾ? ಅಂದರೆ ವೈರಸ್ ಹಾಕಿದ ಕೋಶ, ಮನುಷ್ಯರ ಸೀರಮ್, ಹಸಿರು ಬಣ್ಣ, ಎಲ್ಲ ಇದ್ದು ಮೊಲದ ಸೀರಮ್ ಮಾತ್ರ ಹಾಕದ್ದು. ಅದೂ ಬೆಳಗಿದರೆ ನೀನು ನೋಡುತ್ತಿರೋದು ನಮ್ಮ ಪ್ರೋಟೀನನ್ನಲ್ಲ.

ಕೊಕ್ಕೆ ಮುಚ್ಚಲು ಯಾವ ಸೀರಮ್ ಬಳಸಿದೆ?

ನಿನ್ನ ಅನುಕಂಪ ನಿನ್ನ ಹತ್ತಿರವೇ ಇರಲಿ, ಮದುವೆಗೆ ಬೇಕಾಗುತ್ತೆ. ಈ ಎರಡಕ್ಕೆ ಉತ್ತರ ಕೊಡು.

ಬರ್ನಡೆಟ್


ವಿನಿಪೆಗ್
11 ಫೆಬ್ರವರಿ 1989

ಪ್ರಿಯ ಬರ್ನಡೆಟ್,

ಇಷ್ಟು ಸಿಟ್ಟು ಮಾಡಿಕೊಳ್ಳುತ್ತೀಯ ಅಂತ ಗೊತ್ತಿದ್ದರೆ ಫೋಟೋ ಕಳಿಸುತ್ತಲೇ ಇರಲಿಲ್ಲ. ನಾನು ನಿನ್ನ ಕೈಕೆಳಗೆ ಕಲಿತವಳು. ಬೇಕಾದ ಸ್ಲೈಡುಗಳನ್ನೆಲ್ಲ ಇಟ್ಟಿದ್ದೇನೆ. ಸೀರಮ್ ಎಂದಿನದೇ, ಫ್ರೀಜರಿನದು.

ಇಲ್ಲಿ ಚಳಿ ಹೆಚ್ಚಿದೆ. ಇಂಜಿನ್ ಬೆಚ್ಚಗಿರಲಿ ಅಂತ ರಾತ್ರಿಯಿಡೀ ಕಾರಿಗೆ ಕರೆಂಟಿನ ಪ್ಲಗ್ಗು ಹಾಕಿಟ್ಟರೂ ಬೆಳಿಗ್ಗೆ ಸ್ಟಾರ್ಟ್ ಆಗೋದಿಲ್ಲ. ನಿಮ್ಮ ಫ್ರೆಂಚ್ ಜನರ ಸೇಂಟ್ ಬೋನಿಫೇಸ್ ಕಡೆ ಚಳಿಗಾಲದ ಹಬ್ಬ ನಡೆಯುತ್ತಿದೆ, ಹೊಳೆಯಾಚೆಯಿಂದ ಪಿಟೀಲು ಕೇಳಿಸುತ್ತೆ. ನಿನ್ನ ನೆನಪಾಯಿತು.

ವಿಲ್ಮಾ


ಗ್ಯಾಲ್ವೆಸ್ಟನ್
6 ಮಾರ್ಚ್ 1989

ಪ್ರಿಯ ವಿಲ್ಮಾ,

ಹೋದ ಸಲ ಒರಟಾಗಿ ಬರೆದೆ. ಕ್ಷಮಿಸು.

ನಿನ್ನ ಕಾಗದ ಮೇಜಿನ ಮೇಲಿಟ್ಟುಕೊಂಡು ತುಂಬ ಯೋಚನೆ ಮಾಡಿದೆ. ನೀನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀಯ, ಸೀರಮ್ಮೂ ನನ್ನದೇ. ಆದರೂ ಅಂಚು ಬೆಳಗುತ್ತಿದೆ. ಅಂದರೆ ಒಂದೋ ನಾನು ಮೊದಲು ಕಂಡದ್ದು ಸುಳ್ಳು, ಇಲ್ಲವೇ ನಾನು ಕೊಟ್ಟ ಆ ರಕ್ತವೇ ಕೆಟ್ಟಿದೆ. ಆ ರಕ್ತವನ್ನು ಮೊದಲ ಸಲ ತೆಗೆದಾಗ ಹರ್ಪಿಸ್ ಇದೆಯಾ ಅಂತ ಪರೀಕ್ಷೆ ಮಾಡಿಸಿದ್ದೆ, ಶುದ್ಧವಾಗಿತ್ತು. ಎರಡನೇ ಸಲ ತೆಗೆದಾಗ ಮಾಡಿಸಲಿಲ್ಲ. ಅಂಥವರ ರಕ್ತಕ್ಕೆ ಮತ್ತೆ ಯಾಕೆ ಪರೀಕ್ಷೆ ಅಂದುಕೊಂಡೆ. ನಡುವೆ ಏನಾದರೂ ಆಗಿರಬಹುದು.

ಆ ವ್ಯಕ್ತಿಗೆ ಕಾಗದ ಬರೆದಿದ್ದೇನೆ. ಯಾರನ್ನೂ ಕೇಳಬಾರದ್ದನ್ನು, ಅದರಲ್ಲೂ ಆ ವಯಸ್ಸಿನವರನ್ನು ಕೇಳಬಾರದ್ದನ್ನು ಕೇಳಿದ್ದೇನೆ. ಬರೆದು ಅಂಚೆ ಡಬ್ಬಿಗೆ ಹಾಕಿದ ಮೇಲೆ ಅಲ್ಲೇ ನಿಂತುಬಿಟ್ಟೆ. ಕೈ ಹಾಕಿ ವಾಪಸ್ ತೆಗೆಯೋಣ ಅನ್ನಿಸಿತು. ನಾಚಿಕೆಯಾಯಿತು ವಿಲ್ಮಾ, ಹೇಳಲಾರದಷ್ಟು.

ಲೋವೆನ್ ಅವರಿಗೆ ಹೇಳು, ಲೇಖನ ವಾಪಸ್ ಪಡೆಯಲು ನನ್ನ ಒಪ್ಪಿಗೆ ಇದೆ. ಬೇಸಿಗೆಯ ಸಭೆಯಲ್ಲಿ ನಾನು ಮಾತಾಡೋದಿಲ್ಲ ಅಂತಲೂ ಬರೆದುಬಿಟ್ಟೆ. ಇಲ್ಲಿನ ಮುಖ್ಯಸ್ಥರಿಗೆ ಸುದ್ದಿ ಮುಟ್ಟಿದೆ. ಈಗ ಹುಬ್ಬು ಕೂಡ ಏರಿಸುತ್ತಿಲ್ಲ.

ನಿನ್ನ ಕೈ ಚೆನ್ನಾಗಿ ಪಳಗಿದೆ. ಅದೊಂದು ಸಮಾಧಾನ.

ಬರ್ನಿ


ವಿನಿಪೆಗ್
29 ಮಾರ್ಚ್ 1989

ಬರ್ನಿ,

ಈ ಕಾಗದ ಎಷ್ಟು ಸಲ ಹರಿದೆನೋ. "ನಿನ್ನ ಕೈ ಪಳಗಿದೆ" ಅಂತ ಬರೆದೆಯಲ್ಲ, ಅದನ್ನು ಓದಿದ ಮೇಲೆ ಊಟ ಸೇರುತ್ತಿಲ್ಲ.

ಮೊಲ ಇಲ್ಲದ ಸ್ಲೈಡ್ ನಾನು ಇಟ್ಟಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಇಟ್ಟೆ. ಮೊಲದ ಒಂದು ಹನಿಯೂ ಇಲ್ಲ. ಆದರೂ ಕೋಶದ ಅಂಚು, ಪಕ್ಕದ ಗುಂಪು, ಎಲ್ಲ ಹಾಗೇ ಹಸಿರಾಗಿ ಬೆಳಗಿತು. ನಾನು ಲೋವೆನ್‌ಗೆ ತೋರಿಸಿದ, ನಿನಗೆ ಕಳಿಸಿದ ಆ ಫೋಟೋದ ಹಾಗೇ.

ಸೀರಮ್ ನಿನ್ನದಲ್ಲ. ಆ ಸೀಸೆಗಳನ್ನು ನಾನು ಅಕ್ಟೋಬರಿನಲ್ಲೇ ಬಿಸಾಡಿದ್ದೆ. ಅದರ ಮೇಲೆ ಎಂ.ಟಿ. ಅಂತ ಬರೆದಿತ್ತು ಕಣೇ! ಜೋಡಿಸಿ ಓದಿದರೆ ಎಂಪ್ಟಿ, ಖಾಲಿ. ನಮ್ಮಲ್ಲಿ ಎಲ್ಲರೂ ಹಾಗೇ ತಾನೇ ಬರೆಯೋದು? ಒಳಗೆ ಹಿಮ ಗಟ್ಟಿಯಾಗಿದ್ದನ್ನು ನೋಡಿ ಬರೀ ಉಪ್ಪುನೀರು, ಹೋಲಿಸಿ ನೋಡೋ ಸ್ಲೈಡಿಗೆ ಇಟ್ಟ ಖಾಲಿ ನೀರು ಅಂದುಕೊಂಡೆ. ನವೆಂಬರಿನಲ್ಲಿ ನಿನ್ನ ಕಾಗದ ಬಂದು ಮೇಲಿನ ಗೂಡು ಅಂತ ಓದಿದವಳೇ ಕೆಳಗೆ ಓಡಿದೆ. ಕಸದ ಡ್ರಮ್ಮು ಎಂದೋ ಬೆಂಕಿ ಕಂಡಿತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮೇಜು ಕೊಟ್ಟ ಮೊದಲ ದಿನವೇ ಇಂಥ ಕೆಲಸ ಮಾಡಿದವಳು ಅಂತ ಲೋವೆನ್ ಎದುರು ನಿಲ್ಲಲು ಆಗಲಿಲ್ಲ. ಅದರ ಬದಲು ನನ್ನ ರಕ್ತವನ್ನೇ ತೆಗೆಸಿ ಬಳಸಿದೆ. ನನಗೆ ಗುಳ್ಳೆ ಎದ್ದಿಲ್ಲವಲ್ಲ, ನನ್ನಷ್ಟು ಶುದ್ಧ ಯಾರಿದ್ದಾರೆ? ಪರೀಕ್ಷೆ ಮಾಡಿಸಬೇಕು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಮಾಡೋಳು ಐನಾರ್‌ನ ಅಕ್ಕ. ಹೆಸರಿನ ಮುಂದೆ ಹರ್ಪಿಸ್ ಅಂತ ಬರೆದ ಚೀಟಿ ಅವಳ ಕೈಗೆ ಹೋಗೋದು ಬೇಡ ಅನ್ನಿಸಿತು.

ಈಗ ಗೊತ್ತಾಯಿತಲ್ಲ. ನನ್ನ ರಕ್ತದಲ್ಲಿ ಆ ವೈರಸ್ಸಿನ ಆಂಟಿಬಾಡಿ ತುಂಬಿದೆ. ಯಾವಾಗ ಬಂತು, ಯಾರಿಂದ ಬಂತು, ದೇವರೇ ಬಲ್ಲ. ಕೊಕ್ಕೆ ಮುಚ್ಚೋದಿರಲಿ, ಅವೇ ಹೋಗಿ ವೈರಸ್ಸಿನ ಪ್ರೋಟೀನುಗಳ ಮೇಲೆಲ್ಲ ಕೂತಿವೆ. ನಮ್ಮ ಹಸಿರು ಬಣ್ಣಕ್ಕೆ ಮೊಲ ಯಾವುದು, ಮನುಷ್ಯ ಯಾವುದು ಅಂತ ಅಷ್ಟು ಗೊತ್ತಾಗಲ್ಲ, ಎರಡಕ್ಕೂ ಅಂಟಿಕೊಂಡಿತು. ಆ ಫೋಟೋದಲ್ಲಿ ಬೆಳಗುತ್ತಿರೋದು ನಾನು ಬರ್ನಿ. ನಿನ್ನ ಅಳಿಯ ಅಲ್ಲ.

ಒಂದು ಬೇಡಿಕೆ ಇದೆ. ಹಸಿರು ಬಣ್ಣದ ಹೊಸ ಸೀಸೆ ಕೆಟ್ಟಿತ್ತು ಅಂತ ಲೋವೆನ್‌ಗೆ ಹೇಳುತ್ತೇನೆ. ನಿನ್ನ ಲೇಖನ ಉಳಿಯುತ್ತೆ, ನನ್ನ ಮಾನವೂ ಉಳಿಯುತ್ತೆ. ಜೂನ್‌ನಲ್ಲಿ ಮದುವೆ. ರಕ್ತದ ಮಾತು ನಮ್ಮಿಬ್ಬರಲ್ಲೇ ಇರಲಿ. ಕೈ ಮುಗಿಯುತ್ತೇನೆ.

ವಿಲ್ಮಾ


ಗ್ಯಾಲ್ವೆಸ್ಟನ್
7 ಏಪ್ರಿಲ್ 1989

ವಿಲ್ಮಾ,

ಎಂ.ಟಿ. ಅಂದರೆ ಮಾ ತಾಂತ್. ನಮ್ಮ ಮನೆಮಾತಿನಲ್ಲಿ ನನ್ನ ಅತ್ತೆ ಅಂತ. ಅಪ್ಪನ ತಂಗಿ, ಸಿಸ್ಟರ್ ಫಿಲೊಮೆನ್. ನೀನು ಪಿಟೀಲು ಕೇಳಿದೆ ಅಂತ ಬರೆದೆಯಲ್ಲ, ಆ ಸೇಂಟ್ ಬೋನಿಫೇಸ್‌ನ ಕನ್ಯಾಮಠದಲ್ಲಿ ಹುಡುಗಿಯಾಗಿದ್ದಾಗಿನಿಂದ ಇದ್ದಾಳೆ. ಮಠದ ಹಿರಿಯಮ್ಮನಿಗೆ ಗೊತ್ತಾಗದ ಹಾಗೆ ತೋಳು ಕೊಟ್ಟವಳು. "ಈ ಮೈಯಿಂದ ಯಾರಿಗೂ ಏನೂ ಉಪಯೋಗ ಆಗಲಿಲ್ಲ, ಇದಾದರೂ ಆಗಲಿ" ಅಂತ ನಗುತ್ತಾ ಕೊಟ್ಟಳು.

ನಾನು ಯಾರಿಗೆ ಕಾಗದ ಬರೆದೆ ಅಂತ ಈಗ ಅರ್ಥ ಆಯ್ತಾ? ನಿನ್ನ "ಎಂದಿನದೇ" ಅನ್ನೋ ಒಂದು ಮಾತು ನಂಬಿ, ನನ್ನನ್ನು ಎತ್ತಿ ಆಡಿಸಿದ ಅತ್ತೆಗೆ ಬರೆದೆ. ನಿನ್ನ ರಕ್ತ ಕೆಟ್ಟಿರುವ ಹಾಗಿದೆ, ಈಚೆಗೆ ಯಾರ ಸಂಪರ್ಕವಾದರೂ ಆಗಿತ್ತಾ, ಇದ್ದದ್ದು ಇದ್ದ ಹಾಗೆ ಹೇಳು ಅಂತ. ಮುಚ್ಚಿದ ಲಕೋಟೆಯಲ್ಲಿ ಪರೀಕ್ಷೆಯ ಚೀಟಿಯನ್ನೂ ಇಟ್ಟು ಕಳಿಸಿದೆ. ಮಠದಲ್ಲಿ ಕಾಗದ ಮೊದಲು ಹಿರಿಯಮ್ಮ ಒಡೆಯುತ್ತಾಳೆ ಅನ್ನೋದು ಆಮೇಲೆ ನೆನಪಾಯಿತು.

ವಾರ ವಾರ ಬರೆಯುತ್ತಿದ್ದವಳು ಬರೆಯೋದು ನಿಲ್ಲಿಸಿದ್ದಾಳೆ.

ನಿನ್ನ ಮಾನ ಅಂತೀಯ. ಅವಳ ಮಾನ? ನನ್ನ ಕೆಲಸ ಹೋದರೆ ಇನ್ನೊಂದು ಹುಡುಕುತ್ತೇನೆ. ಮುದುಕಿಗೆ ಆ ಪ್ರಶ್ನೆ ಕೇಳಿದ ಬಾಯಿ ಎಲ್ಲಿ ತೊಳೆದುಕೊಳ್ಳಲಿ?

ಬಣ್ಣದ ಸೀಸೆ ಕೆಟ್ಟಿತ್ತು ಅಂತ ಇನ್ನೊಂದು ಸುಳ್ಳು ಹೇಳಿದರೆ ನಾನೇ ಲೋವೆನ್‌ಗೆ ಫೋನ್ ಮಾಡುತ್ತೇನೆ. ಅದಕ್ಕೆ ಮೊದಲು ನೀನೇ ಎಲ್ಲರೆದುರು ಹೇಳು. ಆಮೇಲೆ ಹೊಳೆ ದಾಟು. ಮಠ ನಿನ್ನ ಮನೆಯಿಂದ ನಡೆದು ಹೋಗುವಷ್ಟೇ ದೂರ. ಕಾಗದ ಬರೆಯಬೇಡ ಅವಳಿಗೆ. ಹೋಗಿ ಮುಖ ಕೊಟ್ಟು ಹೇಳು.

ತುಟಿ ಮೇಲೆ ಗುಳ್ಳೆ ಇದ್ದದ್ದು ನನಗೆ. ಬಚ್ಚಿಟ್ಟದ್ದು ನೀನು.

ಬರ್ನಡೆಟ್


ವಿನಿಪೆಗ್
26 ಏಪ್ರಿಲ್ 1989

ಬರ್ನಿ,

ಎರಡೂ ಮಾಡಿದೆ. ಓದು, ಆಮೇಲೆ ಬೇಕಾದರೆ ಹರಿದುಹಾಕು.

ಸೋಮವಾರದ ಮೀಟಿಂಗಿನಲ್ಲಿ ಪರದೆ ಮೇಲೆ ಮೊಲ ಇಲ್ಲದ ಸ್ಲೈಡ್ ಹಾಕಿದೆ. "ಇದು ನನ್ನ ರಕ್ತ. ನನಗೆ ಹರ್ಪಿಸ್ ಇದೆ. ಬರ್ನಡೆಟ್ ಸೀರಮ್ಮನ್ನು ನಾನು ಕಸಕ್ಕೆ ಹಾಕಿ, ಪರೀಕ್ಷೆ ಮಾಡಿಸದೆ ನನ್ನದನ್ನು ಬಳಸಿದೆ. ಕೇಳಿದಾಗ ಸುಳ್ಳು ಹೇಳಿದೆ. ಅವಳ ಲೇಖನದಲ್ಲಿ ತಪ್ಪಿಲ್ಲ" ಅಂದೆ. ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಇಲ್ಲದಿದ್ದರೆ ಬರುತ್ತಿರಲಿಲ್ಲ. ಯಾರಾದರೂ ನಗುತ್ತಾರೆ, ಪಕ್ಕದಲ್ಲಿದ್ದವರು ಕುರ್ಚಿ ಸರಿಸುತ್ತಾರೆ ಅಂತ ಕಾದೆ. ಪಕ್ಕದ ಮೇಜಿನ ಡೆಸ್ಮಂಡ್ ಮಾತ್ರ "ಇದೇನು ಮಹಾ, ಈ ಕೋಣೆಯಲ್ಲಿ ಇಲ್ಲದಿರೋರು ಯಾರು?" ಅಂದ. ರಕ್ತದ ಮಾತು ಅಷ್ಟಕ್ಕೇ ಮುಗಿಯಿತು ಕಣೇ. ನಾನು ಇಷ್ಟು ದಿನ ಬಚ್ಚಿಟ್ಟುಕೊಂಡು ಕೂತದ್ದು ಅವರಿಗೆ ಏನೂ ಅಲ್ಲ.

ಲೋವೆನ್ ಬೇರೆಯದನ್ನು ಕೇಳಿದರು. "ಅವಳು ಜನವರಿಯಲ್ಲಿ ಕೇಳಿದಳಾ?" ಹೌದು ಅಂದೆ. "ನೀನು ಮಾಡಿದ್ದೇನೆ ಅಂದೆಯಾ?" ಹೌದು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೂಗಾಡುವವರಲ್ಲ, ನಿನಗೇ ಗೊತ್ತು. ಕೂಗಿದ್ದರೆ ಎಷ್ಟೋ ವಾಸಿ. ಅಲ್ಲಿಂದಲೇ ನಿಮ್ಮ ಮುಖ್ಯಸ್ಥರಿಗೆ ಫೋನ್ ಹಚ್ಚಿ, ನಾವೆಲ್ಲ ಕೇಳುತ್ತಿದ್ದ ಹಾಗೇ "ತಪ್ಪು ನನ್ನ ಲ್ಯಾಬಿನದು, ಆ ಹುಡುಗಿಯದಲ್ಲ. ಬರವಣಿಗೆಯಲ್ಲಿ ಕಳಿಸುತ್ತೇನೆ, ಅದು ಕೈಸೇರುವ ತನಕ ಏನೂ ತೀರ್ಮಾನ ಮಾಡಬೇಡಿ" ಅಂದರು. ಸಭೆಯವರಿಗೂ ಪತ್ರಿಕೆಯವರಿಗೂ ಬರೆದಿದ್ದಾರೆ. ನಿನ್ನ ಮೇಜು ನನ್ನ ಹತ್ತಿರ ಇಲ್ಲ ಈಗ. ಬೇಡ ಅಂತ ನಾನೇ ಅಂದೆ, ಅವರೂ ಇರಲಿ ಅನ್ನಲಿಲ್ಲ.

ಐನಾರ್‌ಗೂ ಹೇಳಿದೆ. ಅವನ ಮುಖ ಕೆಂಪಾಯಿತು. "ನನಗೆ ಚಿಕ್ಕಂದಿನಿಂದ ಮೂಗಿನ ಕೆಳಗೆ ಏಳುತ್ತೆ. ನೀನು ಯಾರದೋ ಕಪ್ಪಿನ ಕಥೆ ಹೇಳಿ ನಗುತ್ತಿದ್ದೆಯಲ್ಲ, ಅದನ್ನು ಕೇಳಿದ ಮೇಲೆ ನಿನಗೆ ಹೇಳೋ ಧೈರ್ಯ ಬರಲಿಲ್ಲ. ಎದ್ದಾಗೆಲ್ಲ ಮೀಸೆ ಬಿಡುತ್ತಿದ್ದೆ" ಅಂದ. ಆ ಮೀಸೆಯನ್ನು ನಾನು ಎಷ್ಟು ಹೊಗಳಿದ್ದೆ ಗೊತ್ತಾ?

ಆಮೇಲೆ ಹೊಳೆ ದಾಟಿದೆ.

ನಿಮ್ಮ ಅತ್ತೆ ನನ್ನ ಮೊಣಕೈವರೆಗೂ ಬರೋದಿಲ್ಲ, ಅಷ್ಟು ಗಿಡ್ಡ! ಹಜಾರದಲ್ಲಿ ಕೂರಿಸಿದರು. ನಿನ್ನ ಹೆಸರು ಹೇಳಿದ ಕೂಡಲೇ ಮುಖ ಬಿಗಿಯಾಯಿತು. ನಿಂತುಕೊಂಡೇ ಎಲ್ಲ ಹೇಳಿದೆ. ಸೀಸೆಯ ಮೇಲಿನ ಎರಡಕ್ಷರ, ಅದನ್ನು ನಾನು ಓದಿದ ರೀತಿ, ಬಿಸಾಡಿದ್ದು, ನಿನಗೆ ಹೇಳಿದ ಸುಳ್ಳು. ಕೆಟ್ಟದ್ದು ನಿಮ್ಮ ರಕ್ತ ಅಲ್ಲ ಸಿಸ್ಟರ್, ನನ್ನದು ಅಂದೆ.

ಅವರು ಪೂರ್ತಿ ಕೇಳಿದರು. ಆಮೇಲೆ, "ಖಾಲಿ ಅಂತ ಓದಿದೆಯಾ?" ಅಂದರು.

"ಹೌದು ಸಿಸ್ಟರ್."

"ತಪ್ಪೇನಿಲ್ಲ ಬಿಡು ಮಗೂ. ಈ ಬಟ್ಟೆ ಹಾಕಿದ ದಿನದಿಂದ ಊರಿನವರೆಲ್ಲ ನನ್ನನ್ನ ಹಾಗೇ ಓದಿರೋದು."

ಅಂದು ನಕ್ಕರು. ನನಗೆ ನಗಲು ಆಗಲಿಲ್ಲ, ಅಳು ಬಂತು. ಅಳಬಾರದು, ಅಳೋ ಹಕ್ಕು ನನ್ನದಲ್ಲ ಅಂತ ತುಟಿ ಕಚ್ಚಿಕೊಂಡೆ.

ನಿನ್ನ ಕಾಗದವನ್ನು ಹಿರಿಯಮ್ಮ ಓದಿಯೇ ಇವರಿಗೆ ಕೊಟ್ಟರಂತೆ. "ಅವರು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಕಷ್ಟ ಆಯ್ತು. ಈಸ್ಟರ್ ಮುಂಚಿನ ಲೆಂಟ್ ಉಪವಾಸ ಮುಗಿಯೋ ತನಕ ನನ್ನನ್ನ ಅಡುಗೆಮನೆಯಿಂದ ತೆಗೆದು ಬಟ್ಟೆ ಒಗೆಯೋ ಕಡೆಗೆ ಹಾಕಿದರು. ಕೈ ಏನೂ ಸವೆಯಲಿಲ್ಲ ಬಿಡು" ಅಂದರು. ಆ ಪರೀಕ್ಷೆಯ ಚೀಟಿ ಹಿಡಿದುಕೊಂಡು ಆಸ್ಪತ್ರೆಗೂ ಹೋಗಿಬಂದಿದ್ದಾರೆ. ಶುದ್ಧ ಅಂತಲೇ ಬಂದಿದೆ. ಅದನ್ನು ನಿನಗೆ ಕಳಿಸಲಿಲ್ಲ. ಕಳಿಸಿದರೆ ನೀನು ಕೇಳಿದ್ದು ಸರಿ ಅಂತ ಒಪ್ಪಿದ ಹಾಗಾಗುತ್ತೆ ಅಂತ ಇಟ್ಟುಕೊಂಡಿದ್ದಾರಂತೆ. ನಾನು ಹಿರಿಯಮ್ಮನ ಕೋಣೆಗೂ ಹೋಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಎರಡನೇ ಸಲ ಸುಲಭ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ.

ವಾಪಸ್ ಬಂದಾಗ ಅತ್ತೆ ತೋಳು ಮಡಿಸಿ ಕೂತಿದ್ದರು. "ಇನ್ನೊಂದು ಸಲ ರಕ್ತ ತಗೋ. ಈ ಸಲ ಚೀಟಿ ಮೇಲೆ ಪೂರ್ತಿ ಹೆಸರು ಬರಿ, ಯಾರಿಗೆ ಬೇಕಾದರೂ ಗೊತ್ತಾಗಲಿ" ಅಂದರು. ನಾಳೆ ನರ್ಸ್ ಜೊತೆ ಹೋಗುತ್ತೇನೆ.

ಆಮೇಲೆ ಟೀ ಕೊಟ್ಟರು, ಸಕ್ಕರೆ ಪೈ ಕೊಟ್ಟರು. ಅರ್ಧ ಕುಡಿದಿದ್ದೆ. "ನಿನಗೆ ಸಿಹಿ ಸಾಲದೇನೋ, ಮುಖ ನೋಡಿದರೆ ಗೊತ್ತಾಗುತ್ತೆ, ಕೊಡಿಲ್ಲಿ" ಅಂದವರೇ ನನ್ನ ಕಪ್ಪನ್ನು ಎತ್ತಿ ರುಚಿ ನೋಡಲು ಬಾಯಿಗೆ ತಂದುಬಿಟ್ಟರು. ನಾನು ಕಿರುಚಿಕೊಂಡೆ ಬರ್ನಿ. ಎದ್ದು ಕೈಯಿಂದ ಕಿತ್ತುಕೊಂಡೆ. ಟೀ ಅವರ ಬಿಳಿ ಕಾಲರಿನ ಮೇಲೆಲ್ಲ ಚೆಲ್ಲಿತು.

"ಬೇಡ ಸಿಸ್ಟರ್. ನನ್ನ ಎಂಜಲು."

ಅವರು ಒಂದು ಕ್ಷಣ ಗಾಬರಿಯಾದರು. ಆಮೇಲೆ ಅರ್ಥವಾಯಿತು. ಒದ್ದೆ ಕಾಲರನ್ನು ಹಾಗೇ ಬಿಟ್ಟು, ನಾನು ಎದೆಗೆ ಅವಚಿ ಹಿಡಿದಿದ್ದ ಕಪ್ಪನ್ನೇ ನೋಡಿದರು.

"ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ನನ್ನನ್ನ ಕಂಡರೆ ಕಪ್ಪನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ತಾಳೆ ಅಂತ ಬರ್ನಡೆಟ್ ಒಂದು ಚಳಿಗಾಲ ಇಲ್ಲೇ, ಇದೇ ಕುರ್ಚಿ ಮೇಲೆ ಕೂತು ಅತ್ತಿದ್ದಳು. ನೀನೇನಾ ಅವಳು?"

ನೀನು ಅತ್ತಿದ್ದು ನನಗೆ ಗೊತ್ತಿರಲಿಲ್ಲ.

"ಹೌದು ಸಿಸ್ಟರ್, ನಾನೇ" ಅಂದೆ.

ವಿಲ್ಮಾ